ವರದಿಯಲ್ಲಿ ಬರೆಯದ ಆಟ

ನಾನು ನಿವೃತ್ತಳಾಗಿ ಎರಡು ವರ್ಷ ಆಯಿತು. ಈಗಲೂ ಭಾನುವಾರ ಬಲಿಪೂಜೆ ಮುಗಿಸಿ ಇಗರ್ಜಿಯ, ಅಂದರೆ ಚರ್ಚಿನ, ಮೆಟ್ಟಿಲು ಇಳಿಯುವಾಗ ಯಾರಾದರೊಬ್ಬರು ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಕೇಳುವುದುಂಟು: “ಐರಿನ್ ಬಾಯಿ, ನೀವು ಕಮ್ಯುನಿಸ್ಟಾ ಎಂತ?” ನಾನು “ಅಲ್ಲಪ್ಪಾ, ನಾನು ಟೀಚರ್” ಎನ್ನುತ್ತೇನೆ. ಅವರಿಗೆ ಸಮಾಧಾನ ಆದ ಹಾಗೆ ಕಾಣುವುದಿಲ್ಲ. ತಪ್ಪು ಅವರದ್ದಲ್ಲ. ಹದಿನಾಲ್ಕು ವರ್ಷ ಹೈಸ್ಕೂಲ್ ಅಧ್ಯಾಪಕರಿಗೆ ಕಮ್ಯುನಿಸಂನ ಚರಿತ್ರೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ತರಬೇತಿ ಕೊಟ್ಟವಳು ನಾನು. ಈ ಊರಿನಲ್ಲಿ ಅಂಥ ಕೆಲಸ ಒಂದು ಇರುತ್ತದೆ ಎಂದು ಯಾರಿಗಾದರೂ ಹೇಗೆ ಹೊಳೆಯಬೇಕು!

ಈಗಷ್ಟೇ ಸಂಪನ್ಮೂಲ ವ್ಯಕ್ತಿಗಳಾಗಿ, ಅಂದರೆ ಅಧ್ಯಾಪಕರಿಗೆ ತರಬೇತಿ ಕೊಡುವವರಾಗಿ, ಆಯ್ಕೆಯಾದ ನೀವು ನಾಲ್ಕೈದು ಮಂದಿ ಕಳೆದ ತಿಂಗಳು ಬಿಜೈಯ ನನ್ನ ಮನೆಗೆ ಬಂದಿದ್ದಿರಿ. “ನಿಮ್ಮ ಅನುಭವ ಬರೆದು ಕೊಡಿ ಮೇಡಂ” ಎಂದಿರಿ. ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎನ್ನುವುದು ನೆನಪಿಲ್ಲ, ಅದರಿಂದ ನಿಮಗೆ ಪ್ರಯೋಜನವೂ ಇಲ್ಲ. ನೆನಪಿರುವುದು ನಾನು ಎಡವಿದ ಜಾಗಗಳು ಮಾತ್ರ. ಅವುಗಳನ್ನೇ ಬರೆಯುತ್ತೇನೆ. ಅದರಲ್ಲಿ ಒಂದನ್ನು ಬರೆಯಲು ಇನ್ನೂ ಮನಸ್ಸು ಬರುವುದಿಲ್ಲ, ಅದನ್ನೂ ಬರೆಯುತ್ತೇನೆ.

ಆಗ ನಮ್ಮ ತರಬೇತಿ ಕೇಂದ್ರ ಕೊಟ್ಟಾರದಲ್ಲಿ, ಹೆದ್ದಾರಿಗೆ ತಾಗಿದ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಇತ್ತು. ಟ್ಯಾಂಕರ್ ಹೋದರೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಪ್ರತಿ ವರ್ಷ ಅಧ್ಯಾಪಕರಿಂದ ಕಠಿಣಾಂಶಗಳ ಪಟ್ಟಿ ತರಿಸುತ್ತಿದ್ದೆವು, ಅಂದರೆ ಯಾವ ಪಾಠ ಕಲಿಸಲು ಕಷ್ಟ ಎಂದು ಅವರೇ ಬರೆದುಕೊಡುವ ಪಟ್ಟಿ. ಚರಿತ್ರೆಯಲ್ಲಿ ರಷ್ಯಾದ ಕ್ರಾಂತಿಯ ಪಾಠ ಪ್ರತಿ ಸಲ ಮೇಲಿನ ಮೂರರಲ್ಲಿ ಇರುತ್ತಿತ್ತು. ಆ ಪಾಠದ ತರಬೇತಿ ಕೊಡಲು ಯಾರೂ ಮುಂದೆ ಬರಲಿಲ್ಲ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಬೆನ್ನು ನೋವು. ಕೊನೆಗೆ ನಮ್ಮ ಮೇಲಧಿಕಾರಿ ವಾಸುದೇವ ರಾಯರು ನನ್ನನ್ನು ಕರೆದರು.

“ಐರಿನ್ ಮೇಡಂ, ನೀವೇ ಮಾಡಿ.”

“ನಾನೇ ಯಾಕೆ ಸರ್?”

“ನೀವು ವಾರ ವಾರ ಇಗರ್ಜಿಗೆ ಹೋಗುವವರು. ನಿಮ್ಮನ್ನು ಯಾರೂ ಕಮ್ಯುನಿಸ್ಟ್ ಅಂತ ಹೇಳ್ಲಿಕ್ಕಿಲ್ಲ.”

ರಾಯರ ಆಡಳಿತ ಜಾಣತನ ಇಷ್ಟು ಸರಳವಾದದ್ದು. ಅವರು ಕೆಟ್ಟವರಲ್ಲ. ಬಿಳಿ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಪುಸ್ತಕದಲ್ಲಿ ಎಂತ ಉಂಟೋ ಅಷ್ಟೇ ಎನ್ನುವ ಒಂದು ಮಾತು. ಯಾವ ಕಡತವೂ ಅವರ ಮೇಜಿನ ಮೇಲೆ ಎರಡು ದಿನಕ್ಕಿಂತ ಹೆಚ್ಚು ಕೂರುತ್ತಿರಲಿಲ್ಲ. ಯಾವ ತೀರ್ಮಾನವೂ ಅವರದ್ದಾಗಿರುತ್ತಿರಲಿಲ್ಲ.

ನನ್ನ ಮೊದಲ ತರಬೇತಿಯನ್ನು ನೆನೆದರೆ ಈಗಲೂ ನಾಚಿಕೆ ಆಗುತ್ತದೆ. ಬೆಳಿಗ್ಗೆ ಹತ್ತರಿಂದ ಒಂದರ ತನಕ ನಿಲ್ಲಿಸದೆ ಮಾತಾಡಿದೆ. ತ್ಸಾರ್ ಅರಸರು, ಬ್ರೆಡ್ಡಿಗಾಗಿ ಸಾಲು ನಿಂತ ಹೆಂಗಸರು, ಸೋವಿಯತ್, ಪಂಚವಾರ್ಷಿಕ ಯೋಜನೆ, ಚೀನಾ, ಕೊನೆಗೆ ಎಲ್ಲ ಕುಸಿದದ್ದು. ಎರಡು ಬೋರ್ಡ್ ತುಂಬಿಸಿದೆ. ಕೈ, ಸೀರೆ, ಮೂಗಿನ ತುದಿ ಎಲ್ಲ ಸೀಮೆಸುಣ್ಣ. “ಸಂಶಯ ಇದ್ದರೆ ಕೇಳಿ” ಎಂದಾಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು. ನನಗೆ ಖುಷಿ. “ಮೇಡಂ, ಹಾಜರಾತಿ ಸರ್ಟಿಫಿಕೇಟ್ ಊಟಕ್ಕಿಂತ ಮೊದಲು ಕೊಡ್ತೀರಾ, ಮತ್ತೆ ಕೊಡ್ತೀರಾ?” ಎಂದರು.

ಆದರೆ ಅದೇ ದಿನ ಇನ್ನೊಂದು ಪ್ರಶ್ನೆಯೂ ಬಂತು. ಕೃಷ್ಣಪ್ಪ ಮಾಸ್ಟ್ರು ಎಂದು ಒಬ್ಬ ಹಿರಿಯರು, ನಿವೃತ್ತಿಗೆ ಹತ್ತಿರ ಬಂದವರು, ಊಟದ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. “ಮಕ್ಕಳು ಒಂದೇ ಕೇಳುವುದು ಮೇಡಂ. ಇದೆಲ್ಲ ಒಳ್ಳೆಯದಾ, ಕೆಟ್ಟದ್ದಾ ಅಂತ. ಎಂತ ಹೇಳುವುದು?” ನಾನು ಥಟ್ಟನೆ, “ಗುಣ ಮೂರು, ದೋಷ ಮೂರು ಬರೆಸಿ ಮಾಸ್ಟ್ರೇ, ಪರೀಕ್ಷೆಗೆ ಸಾಕು” ಎಂದೆ. ಅವರು ಸಾರು ಹಾಕಿಸಿಕೊಳ್ಳಲು ಹೋದರು. ಕೊಟ್ಟಾರದಿಂದ ಬಿಜೈಗೆ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಆ ಪ್ರಶ್ನೆ ನನ್ನ ತಲೆ ತಿಂದಿತು. ನನಗೇ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮೂರು ಗಂಟೆ ಹೊತ್ತು ಹೇಳಿದ್ದೆ.

ಅಲ್ಲಿಂದ ನಾನು ಹೇಳುವುದನ್ನು ಕಡಿಮೆ ಮಾಡಿ ಕೇಳುವುದನ್ನು ಶುರು ಮಾಡಿದೆ. ಮರುವರ್ಷ ಬೆಳಿಗ್ಗೆಯೇ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಕಮ್ಯುನಿಸಂ ಎಂದರೆ ನಿಮ್ಮ ಮನೆಯಲ್ಲಿ ಯಾರ ನೆನಪಾಗುತ್ತದೆ, ಹೆಸರು ಹಾಕದೆ ಬರೆಯಿರಿ ಎಂದೆ. ನಲವತ್ತು ಚೀಟಿ ಬಂತು. ಅರ್ಧದಷ್ಟು ಖಾಲಿ. ಕೆಲವುಗಳಲ್ಲಿ ‘ಕೇರಳ’ ಎಂದಷ್ಟೇ ಇತ್ತು. ಒಂದರಲ್ಲಿ, ಹಂಚಿನ ಕಾರ್ಖಾನೆಯಲ್ಲಿದ್ದ ಅಜ್ಜ ಮೆರವಣಿಗೆಗೆ ಹೋಗುವ ದಿನ ಮಾತ್ರ ಚಪ್ಪಲಿ ಹಾಕುತ್ತಿದ್ದರು ಎಂದು ಇತ್ತು. ಇನ್ನೊಂದರಲ್ಲಿ, ಬೀಡಿ ಕಟ್ಟುತ್ತಿದ್ದ ಅಜ್ಜಿ ಯೂನಿಯನ್ ಸಭೆಯಲ್ಲಿ ಮೈಕ್ ಹಿಡಿದು ಮಾತಾಡಿದ್ದಕ್ಕೆ ಅಜ್ಜ ಒಂದು ವಾರ ಮುನಿಸಿಕೊಂಡಿದ್ದರಂತೆ. ಮತ್ತೊಂದರಲ್ಲಿ, ‘ನಮ್ಮದೇ ಬೀಡಿ ಬ್ರಾಂಚ್, ಕಟ್ಟಿದ ಬೀಡಿ ಕೊಳ್ಳುವ ಅಂಗಡಿ, ಇತ್ತು, ಸ್ಟ್ರೈಕಿನಿಂದ ಮುಚ್ಚಿತು, ಅಪ್ಪ ಮತ್ತೆ ಎದ್ದು ನಿಲ್ಲಲಿಲ್ಲ’. ಈ ಮೂರನ್ನು ಬರೆದ ಮೂವರು ಒಂದೇ ಹಾಲಿನಲ್ಲಿ, ಬಹುಶಃ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ನನಗೆ ರೋಮಾಂಚನವಾಯಿತು. ರಷ್ಯಾಕ್ಕೆ ಹೋಗುವ ಮೊದಲು ನೋಡಬೇಕಾದ್ದು ಇಲ್ಲೇ ಇಷ್ಟೊಂದು ಉಂಟಲ್ಲ ಮಾರಾಯ್ರೇ ಎನಿಸಿತು.

ಆ ವರ್ಷವೇ ಸ್ಟೀವನ್ ಸರ್ ತಮ್ಮ ಮಾವನ ಕತೆ ಹೇಳಿದ್ದು. ಸ್ಟೀವನ್ ಸರ್ ಸಮಾಜ ವಿಜ್ಞಾನದ ಅಧ್ಯಾಪಕರು, ಬಾಯಿ ತುಂಬ ಮಾತು. ಅವರ ಮಾವ ಹಡಗಿನಲ್ಲಿ ಅಡುಗೆಯವರು. ಹಡಗು ಸೋವಿಯತ್ ಬಂದರಿನಲ್ಲಿ ನಿಂತಾಗ ಮಾವನಿಗೆ ಅಪೆಂಡಿಕ್ಸ್ ಜೋರಾಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಹತ್ತು ದಿನ ಮಲಗಿಸಿ, ಸೂಪು ಕುಡಿಸಿ, ಒಂದು ಬಿಲ್ಲೂ ಕೊಡದೆ ಕಳಿಸಿದರು. ಹೊರಡುವ ದಿನ ಆರೈಕೆ ಮಾಡಿದ ನರ್ಸ್ ಬಾಗಿಲು ಮುಚ್ಚಿ ಬಂದು, ಅಲ್ಲಿ ಅಂಗಡಿಗಳಲ್ಲಿ ಸಿಗದ, ಹೊರದೇಶದವರಿಂದ ಪಡೆದರೆ ಶಿಕ್ಷೆಯ ಭಯ ಇದ್ದ ಮಾವನ ಜೀನ್ಸ್ ಪ್ಯಾಂಟನ್ನು ತೋರಿಸಿ, ಕೈ ಮುಗಿದು ಬೇಡಿದಳಂತೆ. “ಮಾವ ಅದನ್ನು ಕೊಟ್ಟು ಆಸ್ಪತ್ರೆಯ ಪೈಜಾಮದಲ್ಲೇ ಹಡಗು ಹತ್ತಿದರು ಮೇಡಂ. ಸಾಯುವವರೆಗೂ ಹೇಳ್ತಿದ್ರು, ಅಂಥ ಆಸ್ಪತ್ರೆ ಎಲ್ಲಿಯೂ ನೋಡ್ಲಿಲ್ಲ, ಆ ನರ್ಸಿನ ಹಾಗೆ ಹೆದರಿದವರನ್ನೂ ನೋಡ್ಲಿಲ್ಲ ಅಂತ.” ಕೃಷ್ಣಪ್ಪ ಮಾಸ್ಟ್ರು ಮೊದಲ ಬಾರಿಗೆ ನೋಟ್ ಪುಸ್ತಕ ತೆರೆದು ಬರೆದುಕೊಂಡರು.

ಪಾಠಪುಸ್ತಕದಲ್ಲಿ ಕಾರ್ಖಾನೆ ಬೆಳೆದದ್ದಕ್ಕೆ ಒಂದು ಪುಟ ಇತ್ತು. ಹಸಿವಿನಿಂದ ಸತ್ತವರಿಗೆ, ಬಲವಂತದ ದುಡಿಮೆಯ ಶಿಬಿರಗಳಿಗೆ ದೂಡಲ್ಪಟ್ಟವರಿಗೆ ಒಂದು ಸಾಲು. ಅಧ್ಯಾಪಕರು ಆ ಸಾಲನ್ನು ಹಾರಿಸಿ ಹೋಗುತ್ತಿದ್ದರು. ಇಲ್ಲವಾದರೆ ಅದೊಂದೇ ಸಾಲನ್ನು ಹಿಡಿದುಕೊಂಡು, ಜನ ಯಾಕೆ ಕ್ರಾಂತಿ ಮಾಡಿದರು ಎನ್ನುವುದನ್ನು ಹಾರಿಸುತ್ತಿದ್ದರು. ಎರಡೂ ಒಂದೇ ಪಾಠದಲ್ಲಿ ಮನಸ್ಸಿಗೆ ಹೋಗುವ ಹಾಗೆ ಮಾಡುವುದು ಹೇಗೆ? ಇದಕ್ಕಾಗಿ ನಾನೊಂದು ಆಟ ಕಟ್ಟಿದೆ. ಹಳೆಯ ಉತ್ತರ ಪತ್ರಿಕೆಗಳನ್ನು ಬೀಡಿ ಎಲೆಯಷ್ಟಕ್ಕೆ ಕತ್ತರಿಸಿ, ನೂಲುಂಡೆ ತಂದು, ಎಲ್ಲರೂ ಕಾಗದದ ಬೀಡಿ ಕಟ್ಟುವ ಆಟ.

ಮೊದಲ ಸುತ್ತಿನಲ್ಲಿ ಒಬ್ಬರು ಮಾಲಕರು, ಒಬ್ಬರು ಅವರ ಗುಮಾಸ್ತ, ಉಳಿದವರು ಕಟ್ಟುವವರು. ಗುಮಾಸ್ತ ಬೀಡಿ ನೋಡಿ ಮನಸ್ಸಿಗೆ ಬಂದದ್ದನ್ನು ತೆಗೆದು ಎಸೆಯಬಹುದು. ಪಾಸಾದ ಬೀಡಿಗೆ ಕಡಲೆ ಮಿಠಾಯಿಯ ಚೂರು, ಮಿಠಾಯಿಯ ತಟ್ಟೆ ಮಾತ್ರ ಮಾಲಕರ ಮುಂದೆ. ಹತ್ತೇ ನಿಮಿಷದಲ್ಲಿ ಬಿ.ಎಡ್. ಮಾಡಿದವರೆಲ್ಲ ನಿಜಕ್ಕೂ ಸಿಟ್ಟಾಗುತ್ತಿದ್ದರು. ಎರಡನೇ ಸುತ್ತಿನಲ್ಲಿ ಅವರೇ ಮಾಲಕರನ್ನು ಇಳಿಸಿ, ತಟ್ಟೆಯನ್ನು ಮಧ್ಯಕ್ಕೆ ತಂದು ಹಂಚಿಕೊಳ್ಳುವುದು. ಆಗಿನ ಗಲಾಟೆ, ಘೋಷಣೆ ಕೇಳಿ ಕೆಳಗಿನ ಜೆರಾಕ್ಸ್ ಅಂಗಡಿಯವರು ಮೇಲೆ ಬಂದು ಎಂತ ಆಯಿತು ಎಂದು ಇಣುಕಿದ್ದುಂಟು.

ಮೂರನೇ ಸುತ್ತೇ ಮುಖ್ಯ. ಅವರೊಳಗಿಂದಲೇ ಒಂದು ಸಮಿತಿ. ಬೋರ್ಡಿನ ಮೇಲೆ ಗುರಿ ಎರಡು ಪಟ್ಟು. ಆಗುವುದಿಲ್ಲ ಎಂದವರು ಮಿಠಾಯಿ ಇಲ್ಲದೆ ಜಗಲಿಗೆ. ಆಮೇಲೆ ಎಲ್ಲರಿಗೂ ಒಂದು ಚೀಟಿ: ನಿಮ್ಮ ಗುಂಪಿನಲ್ಲಿ ಮೈಗಳ್ಳ ಯಾರು, ಒಂದು ಹೆಸರು ಬರೆಯಿರಿ. ಬರೆಯದಿದ್ದರೆ ಎಂತ ಆಗುತ್ತದೆ ಎಂದು ನಾನು ಹೇಳುತ್ತಿರಲಿಲ್ಲ. ಕೇಳಿದರೂ ಹೇಳುತ್ತಿರಲಿಲ್ಲ, ಸುಮ್ಮನೆ ಗಡಿಯಾರ ನೋಡುತ್ತಿದ್ದೆ. ಪ್ರತಿ ತಂಡದಲ್ಲೂ ಹೆಚ್ಚುಕಡಿಮೆ ಎಲ್ಲರೂ ಬರೆದರು. ಒಂದು ವರ್ಷ ಸಮಿತಿಯ ಅಧ್ಯಕ್ಷರಾಗಿದ್ದ ಕೃಷ್ಣಪ್ಪ ಮಾಸ್ಟ್ರು, ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಗೆಳೆಯನನ್ನು ತಾವೇ ಜಗಲಿಗೆ ಕಳಿಸಿ, ಆಟ ಮುಗಿದ ಮೇಲೆ ಮುಖ ತೊಳೆಯಲು ಹೋದವರು ಹದಿನೈದು ನಿಮಿಷ ಬರಲಿಲ್ಲ. ಆಮೇಲೆ ಪುಸ್ತಕ ತೆರೆದಾಗ ಆ ಒಂದು ಸಾಲನ್ನು ಯಾರೂ ಹಾರಿಸಲಿಲ್ಲ.

ಈಗ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ತರಬೇತಿಗೆ ಮೇಲಿನಿಂದ ಮಾಡ್ಯೂಲ್ ಬರುತ್ತದೆ, ಎಂದರೆ ಯಾವ ಗಂಟೆಯಲ್ಲಿ ಎಂತ ಮಾಡಬೇಕು ಎಂಬ ಪುಸ್ತಿಕೆ. ಮುಗಿದ ಮೇಲೆ ವರದಿ ಬರೆಯಬೇಕು. ನಾವೆಲ್ಲ ಹಾಲಿನಲ್ಲಿ ನಮಗೆ ಸರಿ ಕಂಡದ್ದನ್ನು ಮಾಡಿ, ವರದಿಯಲ್ಲಿ ಮಾಡ್ಯೂಲನ್ನೇ ನಕಲು ಮಾಡುತ್ತಿದ್ದೆವು. ‘ಹನ್ನೊಂದರಿಂದ ಹನ್ನೆರಡೂವರೆ: ಗುಂಪು ಚರ್ಚೆ.’ ಹೀಗೆ. ಸುಮ್ಮನೆ ಯಾರಿಗೆ ಬೇಕು ವಿವರಣೆ ಕೊಡುವ ಮಂಡೆ ಬಿಸಿ? ಅಷ್ಟು ವರ್ಷ ಆಡಿಸಿದ ಬೀಡಿ ಆಟ ನನ್ನ ಒಂದು ವರದಿಯಲ್ಲಿಯೂ ಇಲ್ಲ. ರಾಯರು ಪ್ರತಿ ವರದಿಗೂ ಹಸಿರು ಪೆನ್ನಿನಿಂದ ಸಹಿ ಹಾಕಿದ್ದಾರೆ.

ನಡುವೆ ಪದ್ಧತಿಗಳು ಬದಲಾದವು. ಬೋರ್ಡ್ ಹೋಗಿ ಚಾರ್ಟ್ ಬಂತು, ಚಾರ್ಟ್ ಹೋಗಿ ಪ್ರೊಜೆಕ್ಟರ್ ಬಂತು. ಲಾಕ್‌ಡೌನ್‌ನಲ್ಲಿ ಮೊಬೈಲಿನಲ್ಲೇ ತರಬೇತಿ. ನಾನು ಗಂಭೀರವಾಗಿ ಸಾಮೂಹಿಕ ಬೇಸಾಯದ ಬಗ್ಗೆ ಹೇಳುತ್ತಿದ್ದರೆ ಯಾರದ್ದೋ ಮನೆಯಿಂದ, “ಬಂಗುಡೆ ಫ್ರೆಶ್ ಉಂಟಾ? ನಿನ್ನೆಯದ್ದಾ?” ಎಂದು ಕೇಳಿಸುತ್ತಿತ್ತು. ಆಟ ಆಡಿಸಲು ಆಗದ ಆ ಎರಡು ವರ್ಷ ನನಗೆ ಅನ್ನ ರುಚಿಸಲಿಲ್ಲ. ಹಾಲ್ ಮತ್ತೆ ತೆರೆದಾಗ ಮೊದಲು ಕೊಂಡದ್ದು ನೂಲುಂಡೆ.

ನಿವೃತ್ತಿಗೆ ಒಂದು ವರ್ಷ ಇರುವಾಗ ನಡೆದ ತರಬೇತಿಗೆ ರಮ್ಲಾ ಬಂದಳು. ಬೈಕಂಪಾಡಿ ಕಡೆಯ ಒಂದು ಖಾಸಗಿ ಶಾಲೆಯ ಹೊಸ ಅಧ್ಯಾಪಿಕೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಅವಳ ಉಮ್ಮ, ಅಂದರೆ ತಾಯಿ, ಬೀಡಿ ಕಟ್ಟಿಯೇ ಅವಳನ್ನು ಬಿ.ಎಡ್. ಓದಿಸಿದ್ದರು. ಆಟದಲ್ಲಿ ಅವಳ ಬೆರಳು ಓಡುವುದನ್ನು ನೋಡಿ ಎಲ್ಲರೂ ಕೈ ನಿಲ್ಲಿಸಿದರು. ಗುಮಾಸ್ತನ ಪಾತ್ರದಲ್ಲಿದ್ದ ಸ್ಟೀವನ್ ಸರ್ ತಮಾಷೆಗೆ ಅವಳ ಬೀಡಿಯನ್ನೆಲ್ಲ ಎಸೆದಾಗ ಅವಳು ಎದ್ದು ನಿಂತುಬಿಟ್ಟಳು. “ನನ್ನ ಉಮ್ಮನ ಬೀಡಿಯನ್ನೂ ಹೀಗೇ ಎಸೀತಿದ್ರು ಸರ್” ಎಂದಳು. ಸ್ಟೀವನ್ ಸರ್ ಪಾಪ, ಬಗ್ಗಿ ಒಂದೊಂದೇ ಹೆಕ್ಕಿದರು.

ಐದು ತಿಂಗಳ ಬಳಿಕ ರಮ್ಲಾ ತನ್ನ ಒಂಬತ್ತನೇ ತರಗತಿಯಲ್ಲಿ ಇದೇ ಆಟ ಆಡಿಸಿದಳು. ಅವಳ ಶಾಲೆಯ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಬೀಡಿಯ ಮೊರ ಉಂಟು. ಮಕ್ಕಳ ಕೈ ಚೆನ್ನಾಗಿಯೇ ಓಡಿತು. ಕಿಟಕಿಯಿಂದ ಯಾರೋ ಮೊಬೈಲಿನಲ್ಲಿ ಪಟ ತೆಗೆದರು. ಸಂಜೆಯೊಳಗೆ ಅದು ಹತ್ತು ವಾಟ್ಸಾಪ್ ಗುಂಪು ಸುತ್ತಿತು. ಒಂದರಲ್ಲಿ ‘ಶಾಲೆಯಲ್ಲಿ ಮಕ್ಕಳಿಂದ ಬೀಡಿ ಕಟ್ಟಿಸುವ ಟೀಚರ್’, ಇನ್ನೊಂದರಲ್ಲಿ ‘ಮಕ್ಕಳಿಗೆ ಕಮ್ಯುನಿಸಂ ದೀಕ್ಷೆ’. ಕಾಗದದ ಬೀಡಿ ಎಂದು ಯಾರೂ ಬರೆದಿರಲಿಲ್ಲ. ನನಗೆ ಪಟ ಬಂದದ್ದು ನಮ್ಮ ಇಗರ್ಜಿಯ ವಾರ್ಡಿನ ಪ್ರಾರ್ಥನೆಯ ಗುಂಪಿನಿಂದ.

ಮಂಗಳವಾರ ಆ ಶಾಲೆಯ ಸಂಚಾಲಕರು ಕೇಂದ್ರಕ್ಕೆ ಫೋನ್ ಮಾಡಿದರು. ಸಂಚಾಲಕರೆಂದರೆ ಆಡಳಿತ ಮಂಡಳಿಯ ಪರವಾಗಿ ಶಾಲೆ ನಡೆಸುವವರು. ರಮ್ಲಾಳನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವರ ಕೈಯಲ್ಲಿ. ರಾಯರು ಫೋನ್ ನನ್ನ ಕೈಗೆ ಕೊಟ್ಟು ತಾವು ಕಡತ ನೋಡುತ್ತ ಕುಳಿತರು.

“ಮೇಡಂ, ಒಂದೇ ಮಾತು ಕೇಳ್ತೇನೆ. ಈ ಬೀಡಿ ಆಟ ನಿಮ್ಮ ತರಬೇತಿಯಲ್ಲಿ ಉಂಟಾ?”

ನನಗೆ ಏಳು ತಿಂಗಳು ಉಳಿದಿತ್ತು. ವಿಚಾರಣೆ ಎಂದು ಒಂದು ಶುರುವಾದರೆ ನಿವೃತ್ತಿಯ ಕಾಗದಗಳು ಎಷ್ಟು ವರ್ಷ ಎಲ್ಲೆಲ್ಲಿ ಕೂರುತ್ತವೆ ಎಂದು ಕಂಡವಳು ನಾನು. ರಾಯರು ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

“ಮಾಡ್ಯೂಲ್‌ನಲ್ಲಿ ಇಲ್ಲ” ಎಂದೆ.

“ಹಾಗಾದ್ರೆ ಅವಳದ್ದೇ ಕಿತಾಪತಿ. ಸರಿ, ಥ್ಯಾಂಕ್ಸ್” ಎಂದು ಅವರು ಫೋನ್ ಇಟ್ಟರು.

ಹೇಳಿದ್ದು ಅಕ್ಷರಶಃ ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬದುಕಿನಲ್ಲಿ ಹೇಳಿಲ್ಲ. ರಾಯರು ಕನ್ನಡಕ ಒರೆಸಿ, “ವರದಿಯಲ್ಲಿ ಇಲ್ಲ ಅಂದ್ಮೇಲೆ ಆಗಿಲ್ಲ, ಅಷ್ಟೇ. ಚಾ ಕುಡಿಯಿರಿ” ಎಂದರು. ನಾನು ಕುಡಿದೆ. ಆ ವಾರ ಪೂರ್ತಿ ಕೆಲಸಕ್ಕೆ ಹೋದೆ, ಮೀನು ತಂದೆ, ಶನಿವಾರ ಒಂದು ಮದುವೆಯ ರೋಸಿನಲ್ಲಿ, ಅಂದರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರದಲ್ಲಿ, ಹಾಡಿದೆ. ರಮ್ಲಾಳ ನಂಬರ್ ನನ್ನ ಮೊಬೈಲಿನಲ್ಲಿ ಇತ್ತು. ಎರಡು ಸಲ ತೆಗೆದು ನೋಡಿ ಮುಚ್ಚಿದೆ. ಎಂತ ಹೇಳುವುದು ಎಂದು ಗೊತ್ತಾಗಲಿಲ್ಲ ಎಂದು ಬರೆಯಬಹುದು. ನಿಜ ಅದಲ್ಲ. ಹೇಳಬೇಕಾದ್ದು ಗೊತ್ತಿದ್ದದ್ದಕ್ಕೇ ಮುಚ್ಚಿದ್ದು.

ಮುಂದಿನ ಸೋಮವಾರ ಅವಳೇ ಬಂದಳು. ನಾನು ಒಬ್ಬಳೇ ಹಾಲಿನಲ್ಲಿ ಕುರ್ಚಿ ಎಣಿಸುತ್ತಿದ್ದೆ. ಗುರುವಾರ ಮಂಡಳಿಯ ಸಭೆ, ಅಲ್ಲಿ ತನ್ನ ವಿಷಯ ತೀರ್ಮಾನ ಆಗುತ್ತದೆ ಎಂದಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದು ನಾನು ಕಾಯುತ್ತಿದ್ದರೆ ಅವಳು ಚೀಲದಿಂದ ಒಂದು ಕಟ್ಟು ಚೀಟಿ ತೆಗೆದು ಬೆಂಚಿನ ಮೇಲೆ ಇಟ್ಟಳು.

“ಮೇಡಂ, ನನಗೆ ಒಂದು ಅರ್ಥ ಆಗುವುದಿಲ್ಲ. ಮೂರನೇ ಸುತ್ತಿನಲ್ಲಿ ಮಕ್ಕಳು ಒಂದು ಹೆಸರೂ ಬರೀಲಿಲ್ಲ. ನೋಡಿ, ಎಲ್ಲ ಖಾಲಿ. ಇಲ್ಲಿ ನಾವು ದೊಡ್ಡವರೆಲ್ಲ ಬರ್ದಿದ್ದೆವಲ್ಲ. ಯಾಕೆ ಇರಬಹುದು?”

ನಾನು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಒಂದರಲ್ಲಿ ಮೀನಿನ ಚಿತ್ರ ಇತ್ತು, ಉಳಿದದ್ದೆಲ್ಲ ಬರಿಯ ಕಾಗದ. ಇಷ್ಟು ವರ್ಷ ಆಡಿಸಿದರೂ ಹೀಗೆ ಆದದ್ದಿಲ್ಲ. ಕೆಲಸ ಹೋಗುವ ಹೊತ್ತಿನಲ್ಲಿ ಈ ಹುಡುಗಿಗೆ ಇದು ಪ್ರಶ್ನೆ! ಮರುಕ್ಷಣ ನಾನೂ ಅದನ್ನೇ ಯೋಚಿಸುತ್ತಿದ್ದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಮಕ್ಕಳು ನಿನಗೆ ಹೆದರುವುದಿಲ್ಲವೋ ಏನೋ ಎಂದೆ. “ಹೆದರ್ತಾರೆ ಮೇಡಂ. ಲೆಕ್ಕದ ಟೀಚರಿಗಿಂತ ಜಾಸ್ತಿ ನನಗೇ ಹೆದರುವುದು” ಎಂದಳು. ಗುಂಪುಗಳನ್ನು ಹೇಗೆ ಮಾಡಿದೆ ಎಂದು ಕೇಳಿದೆ. ಊಟಕ್ಕೆ ಒಟ್ಟಿಗೆ ಕೂರುವವರನ್ನೇ ಒಂದು ಗುಂಪು ಮಾಡಿದ್ದಳಂತೆ. ನಾವು ಯಾವಾಗಲೂ ಹಾಜರಿ ಪುಸ್ತಕದ ಕ್ರಮದಲ್ಲಿ ಗುಂಪು ಮಾಡುವವರು. ಅಷ್ಟಕ್ಕೇ ಇಷ್ಟು ವ್ಯತ್ಯಾಸ ಆಗುತ್ತದೆಯೇ ಎಂದು ಇಬ್ಬರೂ ಬಹಳ ಹೊತ್ತು ಮಾತಾಡಿದೆವು.

ಕೊನೆಗೆ ನಾನು ಕೇಳಿದೆ, “ಈ ಆಟ ಯಾರು ಹೇಳಿಕೊಟ್ಟದ್ದು ಅಂತ ಅವರು ಕೇಳಲಿಲ್ವಾ?”

“ಕೇಳಿದ್ರು. ಮೂರು ಸಲ.”

“ನೀನು ಎಂತ ಹೇಳಿದೆ?”

“ನಾನೇ ಮಾಡಿದ್ದು ಅಂದೆ.” ಅವಳು ಚೀಟಿಗಳನ್ನು ಮತ್ತೆ ಕಟ್ಟು ಕಟ್ಟುತ್ತಿದ್ದಳು. “ಇಲ್ಲಿ ಟ್ರೈನಿಂಗ್‌ನಲ್ಲಿ ನಾನು ಸ್ಟೀವನ್ ಸರ್ ಹೆಸರು ಬರ್ದಿದ್ದೆ ಮೇಡಂ. ಬೀಡಿ ಎಸೆದ ಸಿಟ್ಟಿಗೆ. ಮತ್ತೆ ನೋಡಿದ್ರೆ ಅವರು ಹೆಕ್ಕಿ ಕೊಟ್ಟಿದ್ರಲ್ಲ. ಎಷ್ಟು ದಿನ ಮನಸ್ಸಿಗೆ ಹಿಂಸೆ ಆಯಿತು ಗೊತ್ತುಂಟಾ? ಒಂದು ಸಲ ಬರ್ದು ನೋಡಿದ್ದೇನಲ್ಲ, ಸಾಕು ಅನ್ನಿಸಿತು.”

ಫೋನಿನಲ್ಲಿ ನಾನು ಎಂತ ಹೇಳಿದ್ದೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ. ಅವಳು ಹೋದ ಮೇಲೆ ನೇರ ರಾಯರ ಕೋಣೆಗೆ ನಡೆದೆ. ತರಬೇತಿಯಲ್ಲಿ ಬೀಡಿ ಆಟ ಆಡಿಸಿದ್ದು ನಾನು, ವರದಿಯಲ್ಲಿ ಬರೆದಿರಲಿಲ್ಲ, ಈಗ ಬರೆದು ಕೊಡುತ್ತೇನೆ ಎಂದೆ.

“ನನಗೆ ಗೊತ್ತುಂಟು” ಎಂದರು ರಾಯರು. “ಎರಡು ಸಲ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಳ್ಳೆ ಆಟ.”

“ಮತ್ತೆ ಸುಮ್ಮನಿದ್ರಲ್ಲ ಸರ್?”

“ನೀವೂ ಸುಮ್ಮನಿದ್ರಲ್ಲ.” ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. “ಕಾಗದ ಕೊಡಿ. ಸ್ವೀಕರಿಸಿದ್ದೇನೆ ಅಂತ ಸಹಿ ಹಾಕ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ ಮೇಡಂ.” ಅಷ್ಟು ಮಾಡಿದ್ದೂ ಅವರ ಮಟ್ಟಿಗೆ ದೊಡ್ಡದೇ.

ಗುರುವಾರ ಯಾರೂ ಕರೆಯದೆಯೇ ನಾನು ಆ ಸಭೆಗೆ ಹೋದೆ. ಗೋದಾಮುಗಳ ಮಧ್ಯೆ ಇರುವ ಶಾಲೆ, ಲಾರಿ ಹೋದರೆ ಅಂಗಳವೆಲ್ಲ ಧೂಳು. ಉದ್ದ ಮೇಜಿನ ಸುತ್ತ ಐದು ಮಂದಿ, ನಡುವೆ ಸಂಚಾಲಕರು, ಬಿಳಿ ಗಡ್ಡದ ಹಿರಿಯರು. ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ರಮ್ಲಾ. ನನ್ನನ್ನು ಕಂಡು ಅವಳು ಅರ್ಧ ಎದ್ದಳು. ನಾನು ಯಾರೆಂದು ಹೇಳಿ, ಆಟ ನನ್ನದು, ಕಲಿಸಿದ್ದು ನಾನು, ಈ ಹುಡುಗಿ ಕಲಿತದ್ದನ್ನು ಸರಿಯಾಗಿ ಮಾಡಿದ್ದಾಳೆ ಎಂದೆ.

ಸಂಚಾಲಕರು ಹುಬ್ಬು ಗಂಟಿಕ್ಕಿದರು. “ಫೋನಿನಲ್ಲಿ ಇಲ್ಲ ಅಂದಿದ್ರಲ್ಲ ಮೇಡಂ?”

“ಮಾಡ್ಯೂಲ್‌ನಲ್ಲಿ ಇಲ್ಲ ಅಂದೆ. ಹೆದರಿ ಹಾಗೆ ಹೇಳಿದೆ.”

ಒಬ್ಬ ಸದಸ್ಯರು ಪಟ ತೋರಿಸಿ, ಮಕ್ಕಳ ಕೈಯಲ್ಲಿ ಇದೆಂತ, ಶಾಲೆಯ ಮರ್ಯಾದೆ ಎಂತ ಎಂದು ಶುರು ಮಾಡಿದರು. ಸಂಚಾಲಕರು ಕೈ ಎತ್ತಿ ತಡೆದು, ಆಟ ಹೇಗೆ ಎಂದು ಪೂರ್ತಿ ವಿವರಿಸಲು ಹೇಳಿದರು. ವಿವರಿಸಿದೆ. ಅವರ ಮನಸ್ಸು ಮೊದಲ ಸುತ್ತಿನಲ್ಲೇ ನಿಂತಿತ್ತು.

“ಆ ಎಸೆಯುವ ಗುಮಾಸ್ತ. ಅವನ ಬಗ್ಗೆ ಮಕ್ಕಳಿಗೆ ಎಂತ ಹೇಳ್ತೀರಿ?”

“ನಾವು ಹೇಳುವುದಿಲ್ಲ. ಅವನಿಗೆ ಹೇಗೆ ಅನ್ನಿಸಿತು ಅಂತ ಅವನನ್ನೇ ಕೇಳ್ತೇವೆ.”

ಅವರು ಸಾಕ್ಷಿಗೆಂದು ಮೇಜಿನ ಮೇಲೆ ತಂದಿಟ್ಟಿದ್ದ ಕಾಗದದ ಬೀಡಿಯನ್ನು ಬೆರಳಲ್ಲಿ ಉರುಳಿಸಿದರು. ತಾವು ಪ್ರಾಯದಲ್ಲಿ ಏಳು ವರ್ಷ ಅದೇ ಗುಮಾಸ್ತನ ಕೆಲಸ ಮಾಡಿದ್ದಾಗಿ ಹೇಳಿದರು. “ಇಷ್ಟು ಎಸೀಬೇಕು ಅಂತ ನನಗೂ ಮೇಲಿನಿಂದ ಹೇಳ್ತಿದ್ರು ಮೇಡಂ. ನನ್ನನ್ನು ಯಾರೂ ಕೇಳಿದ್ದಿಲ್ಲ.” ಆಮೇಲೆ ರಮ್ಲಾಳ ಕಡೆಗೆ ತಿರುಗಿ, ಇನ್ನು ಇಂಥದ್ದು ಮಾಡುವುದಿದ್ದರೆ ಮೊದಲು ಹೆತ್ತವರಿಗೆ ತಿಳಿಸಿ ಮಾಡು ಎಂದು ಗದರಿದರು. ಅವಳನ್ನು ಉಳಿಸಿಕೊಂಡರು. ಖಾಯಂ ಮಾಡುವುದನ್ನು ಮಾತ್ರ ಒಂದು ವರ್ಷ ಮುಂದೆ ಹಾಕಿದರು. ಅದು ನನ್ನ ಆ ಒಂದು ವಾರದಿಂದಾದ ನಷ್ಟ ಎಂದು ನಾನು ನಂಬಿದ್ದೇನೆ. ಮಂಗಳವಾರವೇ ಹೇಳಿದ್ದರೆ ಸಭೆಯ ತನಕ ವಿಷಯ ಹೋಗುತ್ತಿರಲಿಲ್ಲ.

ನನಗೆ ಒಂದು ಮೆಮೋ ಬಂತು, ಕೊನೆಯ ತಿಂಗಳುಗಳಲ್ಲಿ ನನ್ನಿಂದ ತರಬೇತಿ ಕೊಡಿಸಲಿಲ್ಲ, ನಿವೃತ್ತಿಯ ಕಾಗದಗಳು ನಾಲ್ಕು ತಿಂಗಳು ತಡವಾದವು. ನಾನು ಹೆದರಿದ್ದಕ್ಕೆ ಹೋಲಿಸಿದರೆ ಇದೆಲ್ಲ ಏನೂ ಅಲ್ಲ. ಅದಕ್ಕೇ ನಿಮಗೆ ಹೇಳುವುದು: ಹಾಲಿನಲ್ಲಿ ಮಾಡಿದ್ದನ್ನು ವರದಿಯಲ್ಲಿ ಬರೆಯಿರಿ. ಬಯ್ಯಿಸಿಕೊಂಡರೂ ಬರೆಯಿರಿ. ನಿಮ್ಮಿಂದ ಕಲಿತು ಹೋದವರು ನಾಳೆ ಒಬ್ಬರೇ ನಿಲ್ಲುವ ಹೊತ್ತಿಗೆ ಅವರ ಕೈಯಲ್ಲಿ ಆ ಒಂದು ಕಾಗದವಾದರೂ ಇರಲಿ.

ಸಭೆ ಮುಗಿದ ಮೇಲೆ ರಮ್ಲಾ ನನ್ನನ್ನು ಬಸ್ ಸ್ಟಾಪಿನ ತನಕ ಬಿಡಲು ಬಂದಳು. ನಾನು ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸುತ್ತಿದ್ದೆ. ನಿಂತ ಮೇಲೆ, ಫೋನಿನಲ್ಲಿ ನಾನು ಹಾಗೆ ಹೇಳಿದ್ದು ನಿನಗೆ ಗೊತ್ತಿತ್ತಾ ಎಂದು ಕೇಳಿಯೇಬಿಟ್ಟೆ.

“ಗೊತ್ತಿತ್ತು ಮೇಡಂ. ಸಂಚಾಲಕರು ಆ ದಿನವೇ ನನ್ನನ್ನು ಎದುರು ಕೂರಿಸಿ ಸ್ಪೀಕರ್ ಹಾಕಿ ನಿಮಗೆ ಫೋನ್ ಮಾಡಿದ್ದು.”

ಬಸ್ಸು ಬರುವುದು ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತ ಹೇಳಿದಳು: “ಆಮೇಲಾದ್ರೂ ನೀವು ನನಗೆ ಫೋನ್ ಮಾಡ್ತೀರಿ ಅಂತ ಒಂದು ವಾರ ಕಾದೆ.”